ಲಾರಿಯೊಳಗಿನ ಮಂಚ

ರಂಗೆಲ್‌ಗೆ ಪಿಂಚಣಿ ಬಂತು, ಕಂಪನಿಯ ಲಾರಿ ಹೋಯಿತು. ಮೂವತ್ತು ವರ್ಷ ಬಲ್ಗೇರಿಯದಿಂದ ದೇಶ ದೇಶಕ್ಕೆ ಸರಕು ಹೊತ್ತವನು ಮನೆಯಲ್ಲಿ ಸುಮ್ಮನೆ ಕೂತಾನೆಯೇ? ಮೇಜು ಕುರ್ಚಿ ಸಾಗಿಸುತ್ತಿದ್ದ ಹಳೇ ಲಾರಿಯೊಂದನ್ನು ತಂದು ಅಂಗಳದ ದ್ರಾಕ್ಷಿ ಚಪ್ಪರದ ಪಕ್ಕ ನಿಲ್ಲಿಸಿದ. ಇದನ್ನೇ ಓಡಾಡುವ ಮನೆ ಮಾಡಿ, ನಿನ್ನನ್ನು ಗ್ರೀಸಿನ ಕಡಲಿಗೆ ಕರೆದೊಯ್ಯುತ್ತೇನೆ ಎಂದು ಹೆಂಡತಿ ನೆವೆನಾಗೆ ಮಾತು ಕೊಟ್ಟ.

ನೆವೆನಾ ಆ ಕಡಲನ್ನು ಫೋನಿನಲ್ಲಷ್ಟೇ ಕೇಳಿದ್ದಳು. ಅವನು ದಡದಲ್ಲಿ ಲಾರಿ ನಿಲ್ಲಿಸಿ ನೀರಿನ ಬಣ್ಣ ಹೇಳುತ್ತಿದ್ದ. ಅವಳು ಇಲ್ಲಿ ಚಳಿಗಾಲದ ಜಾಡಿಗಳಿಗೆ ದೊಣ್ಣೆಮೆಣಸು ಸುಡುತ್ತಾ ಹೂಂಗುಡುತ್ತಿದ್ದಳು. ಒಂದು ಸಲವಾದರೂ ಜೊತೆಗೆ ಹೋಗಬೇಕೆಂಬ ಆಸೆಯನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಬೇಸಿಗೆಯೆಲ್ಲ ಗರಗಸದ ಸದ್ದು. ಚಳಿ ತಡೆಯಲೆಂದು ತಗಡಿನ ಗೋಡೆಗೆ ಉಣ್ಣೆ ತುಂಬಿದ, ಹಲಗೆ ಬಡಿದ, ಕಿಟಕಿ ಕೊರೆದ. ಮುಗಿಯುವ ತನಕ ಒಳಗೆ ಇಣುಕಕೂಡದೆಂದು ಅವಳಿಗೆ ತಾಕೀತು. ಪಕ್ಕದ ಮನೆಯ ಪೆಂಚೊ ಬೇಲಿಗೆ ಮೊಣಕೈ ಊರಿ, ಕೋಳಿಗೂಡಿಗೂ ಚಕ್ರ ಬಂತಲ್ಲ ಎಂದು ಕಿಚಾಯಿಸುತ್ತಿದ್ದ.

ಕೊನೆಗೊಂದು ದಿನ ಕರೆ ಬಂತು. ನೆವೆನಾ ಮೆಣಸಿನ ಮಸಿಯ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದಳು. ಪುಟ್ಟ ಒಲೆ, ಸಿಂಕು, ಒಂದು ಸ್ಟೂಲು. ಕೊಕ್ಕೆಯಲ್ಲಿ ಒಂದು ಮಗ್ಗು. ಒಂದು ಗೋಡೆಯ ತುಂಬ ಅವನ ಹೆಮ್ಮೆಯ ಸಲಕರಣೆಗಳ ಬೀರು. ಎದುರು ಗೋಡೆಗೆ ಅಂಟಿಕೊಂಡು ಒಬ್ಬರು ಮಗ್ಗುಲು ಬದಲಿಸಲೂ ಆಗದಷ್ಟು ಕಿರಿದಾದ ಮಂಚ.

"ಚೆನ್ನಾಗಿದೆ ಮಾರಾಯ," ಅಂದಳು. "ನಾನೆಲ್ಲಿ ಮಲಗ್ಲಿ? ಟಾಪ್ ಮೇಲಾ?"

ರಂಗೆಲ್ ಮಂಚ ನೋಡಿದ, ಅವಳನ್ನು ನೋಡಿದ, ಪೆಚ್ಚಾದ.

"ಕೈಗೆ ಅದೇ ಅಳತೆ ಬಂದ್ಬಿಡ್ತು, ನೆವೆನಾ. ಕ್ಯಾಬಿನ್ನಲ್ಲಿ ಮಲಗೋ ಹಲಗೆ ಅಷ್ಟೇ ಅಗಲ ಇರ್ತಿತ್ತು."

ಅವಳು ನಕ್ಕಳೇನೋ ನಿಜ. ಆದರೆ ಮತ್ತೆ ಮೆಣಸು ಸುಡುವ ಒಲೆಯ ಮುಂದೆ ಕೂತಾಗ ನಗು ಇಳಿಯಿತು. ಇಷ್ಟು ವರ್ಷ ಒಂಟಿಯಾಗಿದ್ದವನಿಗೆ ಒಂಟಿಯಾಗಿರುವುದೇ ಹಿತವೇನೋ ಅನ್ನಿಸಿತು. ಜಾಡಿಗಳ ಕೆಲಸ ಬಾಕಿ ಇದೆ, ನೀನೇ ಹೋಗಿ ಬಾ ಎಂದುಬಿಟ್ಟಳು.

ಮರುದಿನ ನೋಡುತ್ತಾಳೆ, ಆ ಬೀರು ಬೇಲಿ ದಾಟಿ ಪೆಂಚೊನ ಕೊಟ್ಟಿಗೆಗೆ ಹೋಗುತ್ತಿದೆ. ಒಂದು ತುದಿಯನ್ನು ಪೆಂಚೊನೇ ಹಿಡಿದಿದ್ದ. ಬೀರುವಿದ್ದ ಗೋಡೆಯವರೆಗೂ ಮಂಚ ಹಬ್ಬಿತು. ಇನ್ನೊಂದು ಕೊಕ್ಕೆ ಬಂತು, ಅದಕ್ಕೆ ಅವಳ ನೀಲಿ ಮಗ್ಗು. ನೆವೆನಾ ಮಿಕ್ಕ ಮೆಣಸನ್ನು ನೆರೆಮನೆಗೆ ಕೊಟ್ಟು ಬಟ್ಟೆ ಮಡಚತೊಡಗಿದಳು.

ಗ್ರೀಸಿನ ಕಡಲು ಅವನು ಹೇಳಿದ ಬಣ್ಣದ್ದೇ ಆಗಿತ್ತು. ಮಧ್ಯಾಹ್ನ ಬ್ರೆಡ್ಡು, ಚೀಸು, ಟೊಮೆಟೊ ತಿಂದು ಬಾಗಿಲು ತೆರೆದಿಟ್ಟೇ ಅಡ್ಡಾದರು. ರಂಗೆಲ್ ಗೋಡೆಗೆ ಒತ್ತಿಕೊಂಡು, ಎದೆಯ ಮೇಲೆ ಕೈ ಕಟ್ಟಿ, ಕಾಲು ಮಡಚಿ ಕಣ್ಣು ಮುಚ್ಚಿದ. ನಡುವೆ ಅರ್ಧ ಮಂಚ ಖಾಲಿ.

ರಜೆಗೆ ಮನೆಗೆ ಬಂದಾಗಲೂ ಅವನು ಹೀಗೇ ಅಂಚಿಗೆ ಸರಿದು ಮಲಗುತ್ತಿದ್ದ. ತನ್ನ ಮೇಲೆ ಬೇಸರವೇನೋ ಎಂದು ನೆವೆನಾ ಎಷ್ಟೋ ಸಲ ನೊಂದಿದ್ದಳು. ಪಾಪ, ಬೇಸರವೂ ಅಲ್ಲ, ಏನೂ ಅಲ್ಲ. ಆ ಕ್ಯಾಬಿನ್ನಿನ ಹಲಗೆಯನ್ನು ಅವನು ಬೆನ್ನಿಗೆ ಕಟ್ಟಿಕೊಂಡೇ ಮನೆಗೆ ಬರುತ್ತಿದ್ದ.

"ಈ ಕಡೆ ಬಾರೋ," ಅಂದಳು. "ಜಾಗ ಇದೆ."

ರಂಗೆಲ್ ಕಣ್ಣು ಬಿಟ್ಟು ಮಂಚದ ಅಗಲ ನೋಡಿದ. ಅವಳ ಕಡೆಗೆ ಸರಿದು ಮೊದಲು ಒಂದು ಕಾಲು ಚಾಚಿದ, ಆಮೇಲೆ ಇನ್ನೊಂದು.