ಪೈ ಬಿಸಿಯಾಗುವುದರೊಳಗೆ

“ಕಂಬಳಿ ಹೊದಿಸಿಬಿಟ್ರೆ ನನ್ನ ಕಣ್ಣಿಗೆ ಬೀಳಲ್ಲ ಅಂದ್ಕೊಂಡ್ರಾ?” ಡೆರಿಕ್ ವ್ಯಾನಿನೊಳಗೆ ಬೆರಳು ತೋರಿಸಿ ಕೇಳಿದ.

ಗಿಟಾರಿನ ಪೆಟ್ಟಿಗೆ ಇಳಿಸುತ್ತಿದ್ದ ಟ್ರೆವರ್ ಕೇಳಿಸದವನಂತೆ ಇಳಿಸುತ್ತಲೇ ಇದ್ದ. ಡ್ರಮ್ ಬಾರಿಸುವ ಸ್ಟ್ಯಾನ್ ಮಾತ್ರ ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡೇ ನಕ್ಕ. ಕಂಬಳಿಯ ಕೆಳಗಿದ್ದದ್ದು ಟೇಪ್ ಆರ್ಗನ್. ಹಾರ್ಮೋನಿಯಮ್ಮಿನಂತೆ ಬೆರಳಿಂದ ಒತ್ತುವ ಒಂದೊಂದು ಮನೆಯ ಕೆಳಗೂ ಒಂದೊಂದು ತುಂಡು ಟೇಪು. ಮನೆ ಒತ್ತಿದರೆ ಒಳಗಿನ ಮೋಟಾರು ಟೇಪನ್ನು ಎಳೆದು, ಯಾರೋ ಎಂದೋ ನುಡಿಸಿಟ್ಟ ಪಿಟೀಲುಗಳ ದನಿ ಹೊರಗೆ ಬರುತ್ತಿತ್ತು. ಹೊರುವುದಕ್ಕೆ ಮೂವರು ಬೇಕು, ಹೊತ್ತ ಮೇಲೆ ಸೊಂಟಕ್ಕೆ ಎಣ್ಣೆ ತಿಕ್ಕುವುದಕ್ಕೆ ನಾಲ್ಕನೆಯವನೊಬ್ಬ ಬೇಕು.

“ಸುಮ್ನೆ ಇರ್ಲಿ ಅಂತ ತಂದೆ,” ಎಂದ ಟ್ರೆವರ್ ಕೊನೆಗೆ. “ನೀನೇನೂ ಮುಟ್ಬೇಡ. ಒಂದು ಮೂಲೇಲಿ ಕೂತಿರುತ್ತೆ, ನಿಮ್ಮಜ್ಜಿ ಥರ.”

“ನಮ್ಮಜ್ಜಿ ಯಾವತ್ತೂ ಮೂಲೇಲಿ ಕೂತೋಳಲ್ಲ.”

ಎರಡು ವರ್ಷದ ಹಿಂದೆ ಇದೇ ಯಂತ್ರ ಇಟ್ಟುಕೊಂಡು ಈ ಮೂವರು, ಅಂದರೆ ಪೇಪರ್ ಹೆರನ್ ಎಂಬ ಹೆಸರಿನ ಬ್ಯಾಂಡು, ‘ಉಪ್ಪಿನ ಗೋಪುರ’ ಎಂಬ ರೆಕಾರ್ಡು ಮಾಡಿದ್ದರು. ಅದು ಮಾಡಿದ್ದು ಅಂಥಿಂಥ ಹೆಸರಲ್ಲ. ಪತ್ರಿಕೆಯವರು ಹಾಡಿ ಹೊಗಳಿದರು. ಕಾಲೇಜು ಹುಡುಗರು ದೀಪ ಆರಿಸಿ, ನೆಲದ ಮೇಲೆ ಅಂಗಾತ ಮಲಗಿ, ಇಡೀ ರೆಕಾರ್ಡನ್ನು ಉಸಿರು ಬಿಗಿಹಿಡಿದು ಕೇಳಿದರು. ಈಗ ಲಂಡನ್ನಿನ ಕಂಪನಿಯವರಿಗೆ ಅದರ ಎರಡನೇ ಭಾಗ ಬೇಕಿತ್ತು. ಅದೇ ಪಿಟೀಲು, ಅದೇ ಗೋಪುರ, ಬೇಕಾದರೆ ಉಪ್ಪು ಸ್ವಲ್ಪ ಜಾಸ್ತಿ. ಡೆರಿಕ್ ಬರೆದಿದ್ದು ಬೇರೆ. ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ತುಂಬುವ ಒಂದೇ ಕೃತಿ, ಬರೀ ಪಿಯಾನೊ, ಗಿಟಾರು, ಡ್ರಮ್ಮು. ಟೇಪ್ ಆರ್ಗನ್ನಿನ ಒಂದು ಸ್ವರವೂ ಅದರಲ್ಲಿ ಇರಲಿಲ್ಲ.

ಚಳಿಗಾಲವಿಡೀ ಅದಕ್ಕಾಗಿ ಜಗಳವಾಯಿತು. “ಜನ ಕೇಳ್ತಿರೋದು ಆ ದನೀನ ಕಣೋ,” ಎಂದು ಟ್ರೆವರ್. “ನಿನ್ನೆ ಮಿಕ್ಕಿದ್ದನ್ನ ಬಿಸಿ ಮಾಡಿ ಬಡಿಸೋದಕ್ಕೆ ನನ್ನಿಂದಾಗಲ್ಲ,” ಎಂದು ಡೆರಿಕ್. ಇಬ್ಬರ ನಡುವೆ ಸಿಕ್ಕಿ ಹಣ್ಣಾದ ಸ್ಟ್ಯಾನ್ ಕೊನೆಗೊಂದು ದಾರಿ ಹೇಳಿದ. ತಾವು ಮೊದಲು ನುಡಿಸಿದ್ದ ಸ್ಪಿಂಡಲ್ ಸ್ಟ್ರೀಟ್ ಕ್ಲಬ್ಬಿನಲ್ಲೇ ಭಾನುವಾರ ಮಧ್ಯಾಹ್ನ ಹೊಸದನ್ನು ನುಡಿಸುವುದು. ಜನ ಕೊನೆಯವರೆಗೂ ನುಡಿಸಲು ಬಿಟ್ಟರೆ ರೆಕಾರ್ಡು ಅದೇ. ನಡುವೆ ನಿಲ್ಲಿಸಿದರೆ ಗೋಪುರದ ಎರಡನೇ ಅಂತಸ್ತು ಕಟ್ಟುವುದು, ಡೆರಿಕ್ ಬಾಯಿ ಬಿಡುವ ಹಾಗಿಲ್ಲ. ಟ್ರೆವರ್ ಕುಣಿದು ಒಪ್ಪಿಕೊಂಡ. ಏಕೆಂದರೆ ಊರಿನ ಗಿರಣಿ ಕೆಲಸಗಾರರ ಆ ಕ್ಲಬ್ಬಿನಲ್ಲಿ ಯಾರನ್ನೂ ಕೊನೆಯವರೆಗೆ ಬಿಟ್ಟ ಚರಿತ್ರೆಯೇ ಇಲ್ಲ. ಅಡುಗೆಮನೆಯಲ್ಲಿ ಮಾಂಸ ತುಂಬಿದ ಕಡುಬಿನಂಥ ಪೈ ಬಿಸಿಯಾದ ಕೂಡಲೇ, ವೇದಿಕೆಯ ಮೇಲೆ ಯಾವ ಮಹಾರಾಯನೇ ಇರಲಿ, ಕಾರ್ಯದರ್ಶಿ ವಿಲ್ಫ್ ಎಂಟ್ವಿಸಲ್ ಮೈಕು ಕಿತ್ತುಕೊಂಡು “ಪೈ ಬಂದಿದೆ!” ಎಂದು ಕೂಗುತ್ತಿದ್ದ. ಅಲ್ಲಿಗೆ ಸಂಗೀತ ಮುಗಿಯಿತು, ಸಾಲು ಶುರುವಾಯಿತು.

ವಿಲ್ಫ್ ಬಾಗಿಲಲ್ಲೇ ನಿಂತಿದ್ದ. ತಲೆ ಮೇಲೆ ಅದೇ ಟೋಪಿ, ಬಾಯಲ್ಲಿ ಅದೇ ಮಾತು. “ಬಂದ್ರಾ ಮಹಾರಾಜ್ರು! ಕೂದ್ಲು ನೋಡು, ನಮ್ಮನೆ ನಾಯಿ ಕೂದ್ಲನ್ನೂ ಅಷ್ಟುದ್ದ ಆಗೋಕೆ ಮುಂಚೆ ಕತ್ತರಿಸ್ತೀವಪ್ಪ.”

“ವಿಲ್ಫ್ ಮಾಮ, ಒಂದು ಮಾತು,” ಎಂದ ಡೆರಿಕ್. “ಇವತ್ತು ಒಂದೇ ಹಾಡು. ಸ್ವಲ್ಪ ಉದ್ದ ಇದೆ. ಮುಗಿಯೋವರೆಗೂ ಬಿಡು.”

“ಎಷ್ಟುದ್ದ?”

“ಇಪ್ಪತ್ತೆರಡು ನಿಮಿಷ.”

ವಿಲ್ಫ್ ಅವನನ್ನು ಮೇಲಿಂದ ಕೆಳಗೆ ನೋಡಿದ. “ನನ್ನ ಮದುವೇನೇ ಅದಕ್ಕಿಂತ ಬೇಗ ಮುಗೀತು ಮಗಾ. ಬಿಂಗೋ ಆದ್ಮೇಲೆ ಶುರು ಮಾಡ್ಕೊ. ಪೈ ಬಿಸಿಯಾಯ್ತೋ, ದೇವರು ಬಂದ್ರೂ ನಾನು ನಿಲ್ಲಿಸೋನೇ.”

ಅಂಕಿ ಕೂಗಿ ಆಡುವ ಬಿಂಗೋ ಆಟ ಎಳೆದಾಡಿತು. ಯಾರೋ ತಪ್ಪು ಅಂಕಿಗೆ ಕೂಗಿಕೊಂಡು, ಅದಕ್ಕೊಂದು ರಗಳೆಯಾಗಿ, ಮತ್ತೆ ಮೊದಲಿಂದ ಎಣಿಸಿದರು. ಡೆರಿಕ್ ವೇದಿಕೆಯ ಪಕ್ಕದ ಹಳೇ ಪಿಯಾನೊದ ಮುಂದೆ ಕೂತು ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸುತ್ತಿದ್ದ. ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನುಡಿಸಿ ಬಂದವನು ಇಲ್ಲಿ ಮತ್ತೆ ಮತ್ತೆ ಅಡುಗೆಮನೆಯ ಬಾಗಿಲು ನೋಡುತ್ತಿದ್ದ. ಇದು ಹೋದರೆ ಇನ್ನು ಜನ್ಮವಿಡೀ ಆ ಕಂಬಳಿಯ ಕೆಳಗಿನ ಪಿಟೀಲುಗಳಿಗೆ ಮನೆ ಒತ್ತಿಕೊಂಡು ಕೂರಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ನಿಜಕ್ಕೂ ಭಯವಾಗಿತ್ತು. ಆದರೂ ಸ್ಟ್ಯಾನ್ ಕಡೆ ನೋಡಿ ತಲೆಯಾಡಿಸಿದ.

ಏಳೆಣಿಕೆಯ ತಾಳ. ಪಿಯಾನೊ ಎಡಗೈಯಲ್ಲಿ ಗಿರಣಿಯ ಮಗ್ಗದ ಹಾಗೆ ಒಂದೇ ಸಮ ಹೊಡೆಯುತ್ತ ಹೊರಟಿತು, ಬಲಗೈ ಅದರ ಮೇಲೆ ಎಲ್ಲೆಲ್ಲೋ ಅಲೆಯಿತು. ಒಂದಷ್ಟು ಹೊತ್ತು ಜನ ಮರ್ಯಾದೆಗೆ ಸುಮ್ಮನಿದ್ದರು.

“ಏನ್ರಪ್ಪಾ, ಹಾಡು ಶುರುವಾಯ್ತಾ, ಇಲ್ಲ ಇನ್ನೂ ಶ್ರುತಿ ಮಾಡ್ತಿದೀರಾ?” ಹಿಂದಿನ ಮೇಜಿನಿಂದ ಒಬ್ಬಾಕೆ ಕೂಗಿದಳು. ನಗು ಎದ್ದಿತು.

“ಗೋಪುರ ಹಾಕ್ರೋ! ಗೋಪುರ!” ಎಂದು ಇನ್ನೊಬ್ಬ. ಬಿಯರ್ ಗ್ಲಾಸು ಮೇಜಿಗೆ ಕುಟ್ಟುವ ಸದ್ದು ಹಬ್ಬಿತು. ತಾಳ ಮಾತ್ರ ನಾಲ್ಕೆಣಿಕೆಯದು.

ಟ್ರೆವರ್ ಡೆರಿಕ್ ಕಡೆ ನೋಡಿದ. ಡೆರಿಕ್ ಬೇಡವೆಂದು ತಲೆಯಾಡಿಸಿದ. ಆದರೆ ಟ್ರೆವರ್‌ಗೆ ಅಷ್ಟು ಹೊತ್ತಿಗೆ ತಡೆಯಲಾಗಲಿಲ್ಲ. ತನ್ನದೇ ಊರಿನ ಜನ ತನ್ನನ್ನು ನೋಡಿ ನಗುತ್ತಿದ್ದಾರೆ, ತನ್ನ ಅಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಗಿಟಾರನ್ನು ಬೆನ್ನಿಗೆ ತಿರುಗಿಸಿಕೊಂಡು, ವೇದಿಕೆಯ ಮೂಲೆಗೆ ಹೋಗಿ, ಕಂಬಳಿ ಎಳೆದು ಹಾಕಿ, ಅಲ್ಲಿಟ್ಟಿದ್ದ ಟೇಪ್ ಆರ್ಗನ್ನಿನ ಸ್ವಿಚ್ಚು ಒತ್ತಿ, ಮನೆಗಳ ಮೇಲೆ ಬೆರಳಿಟ್ಟ. ಉಪ್ಪಿನ ಗೋಪುರದ ಮೊದಲ ನಾಲ್ಕು ಸ್ವರ ಹರಡಿದ್ದೇ ತಡ, ಇಡೀ ಕ್ಲಬ್ಬು ಹೋ ಎಂದು ಚಪ್ಪಾಳೆ ತಟ್ಟಿತು.

ಆಗ ಮೇಲಿನ ದೀಪಗಳು ಮಂಕಾದವು.

ಕ್ಲಬ್ಬಿಗೆ ಬರುವ ಕೂಸಿಗೂ ಅದರ ಅರ್ಥ ಗೊತ್ತು. ಅಡುಗೆಮನೆಯಲ್ಲಿ ಎಡ್ನಾ ಪೈ ಬಿಸಿಮಾಡುವ ಒಲೆಯ ಸ್ವಿಚ್ಚು ಹಾಕಿದ್ದಳು. ಒಲೆಗೂ ವೇದಿಕೆಗೂ ಒಂದೇ ಕರೆಂಟಿನ ತಂತಿ, ಒಲೆ ಹಾಕಿದರೆ ವೇದಿಕೆಗೆ ಕರೆಂಟು ಸಾಲುತ್ತಿರಲಿಲ್ಲ. ಎರಡು ವರ್ಷದ ದೊಡ್ಡಸ್ತಿಕೆಯಲ್ಲಿ ಟ್ರೆವರ್ ಅದನ್ನು ಮರೆತಿದ್ದ. ಟೇಪು ಎಳೆಯುವ ಮೋಟಾರಿನ ಉಸಿರು ಕಟ್ಟಿತು, ಪಿಟೀಲುಗಳು ಒಂದು ಸ್ವರ ಕೆಳಗೆ ಜಾರಿದವು, ಆಮೇಲೆ ಇನ್ನೂ ಕೆಳಗೆ, ಕೊನೆಗೆ ಕರು ಹಾಕುತ್ತಿರುವ ಹಸುವಿನಂತೆ ನರಳಿದವು. ಜನ ಬಿದ್ದು ಬಿದ್ದು ನಕ್ಕರು. ಟ್ರೆವರ್‌ನ ಅಕ್ಕನೂ ನಕ್ಕಳು.

ನಗು ತುಸು ಇಳಿದಾಗ ಒಂದು ಸದ್ದು ಉಳಿದಿತ್ತು. ಡೆರಿಕ್‌ನ ಎಡಗೈ. ಅದು ನಿಂತೇ ಇರಲಿಲ್ಲ. ಪಿಯಾನೊಗೆ ಯಾವ ಕರೆಂಟೂ ಬೇಕಿರಲಿಲ್ಲ. ಅವನು ಯಾರನ್ನೂ ನೋಡದೆ, ಹಲ್ಲು ಕಚ್ಚಿಕೊಂಡು, ಅದೇ ಏಳೆಣಿಕೆಯನ್ನು ಕುಟ್ಟುತ್ತಿದ್ದ. ಸ್ಟ್ಯಾನ್ ಸಿಗರೇಟು ಉಗುಳಿ ಡ್ರಮ್ಮಿನೊಂದಿಗೆ ಜೊತೆಗೂಡಿದ. ಮುಖ ಕೆಂಪಗೆ ಮಾಡಿಕೊಂಡಿದ್ದ ಟ್ರೆವರ್ ಒಂದು ಕ್ಷಣ ಆ ನರಳಿದ ಪೆಟ್ಟಿಗೆಯ ಪಕ್ಕ ನಿಂತಿದ್ದು, ಅದರ ಸ್ವಿಚ್ಚು ಆರಿಸಿ, ಗಿಟಾರನ್ನು ಮುಂದಕ್ಕೆ ತಿರುಗಿಸಿಕೊಂಡ. ಎಲ್ಲಿಂದ ಸೇರಬೇಕೆಂದು ಅವನಿಗೆ ಗೊತ್ತಿತ್ತು. ಎಷ್ಟಾದರೂ ಚಳಿಗಾಲವಿಡೀ ಬಯ್ದುಕೊಂಡೇ ಅಭ್ಯಾಸ ಮಾಡಿದವನು.

ಆಮೇಲೆ ಅವರು ನುಡಿಸಿದ ರೀತಿಯೇ ಬೇರೆ. ಮೆಚ್ಚಿಸಬೇಕೆಂಬ ಆಸೆ ಬಿಟ್ಟುಹೋಗಿತ್ತು, ಮುಗಿಸಬೇಕೆಂಬ ಹಟ ಒಂದೇ ಉಳಿದಿತ್ತು. ಸಾಲಿಗೆಂದು ಎದ್ದವರಲ್ಲಿ ಕೆಲವರು ಕುರ್ಚಿಯ ಬೆನ್ನು ಹಿಡಿದು ನಿಂತಲ್ಲೇ ನಿಂತರು.

ದೀಪಗಳು ಮತ್ತೆ ಪ್ರಖರವಾದವು. ಒಲೆ ಆರಿತು, ಅಂದರೆ ಪೈ ತಯಾರು. ಎಡ್ನಾ ದೊಡ್ಡ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ವಿಲ್ಫ್ ಟೋಪಿ ಸರಿಮಾಡಿಕೊಂಡು ವೇದಿಕೆ ಹತ್ತಿ ಮೈಕು ಕೈಗೆತ್ತಿಕೊಂಡ. ಡೆರಿಕ್ ಓರೆಗಣ್ಣಲ್ಲಿ ನೋಡಿದ. ಇನ್ನೂ ಮೂರನೆಯ ಒಂದು ಭಾಗ ಬಾಕಿ ಇತ್ತು. ಮುಗೀತು ನನ್ನ ಕಥೆ, ಎಂದುಕೊಂಡ. ಬೆರಳು ಮಾತ್ರ ಬಿಡಲಿಲ್ಲ.

ವಿಲ್ಫ್ ದಯೆಯಿಲ್ಲದವನಲ್ಲ, ಅವನಿಗೂ ಒಂದು ಪದ್ಧತಿಯಿತ್ತು. ಹಾಡುವವನ ಬಾಯಿ ಮಧ್ಯೆ ಕೈ ಹಾಕುತ್ತಿರಲಿಲ್ಲ. ಪಲ್ಲವಿ ಮುಗಿದು ಉಸಿರೆಳೆದುಕೊಳ್ಳುವಾಗ ನುಗ್ಗುತ್ತಿದ್ದ. ಈಗಲೂ ಹಾಗೇ ಕಾದ. ಗಿಟಾರು ಮೆಲ್ಲಗಾಯಿತು. ಮೈಕು ಬಾಯಿಗೆ ಹೋಯಿತು. ಅಷ್ಟರಲ್ಲಿ ಡ್ರಮ್ಮು ಕೆಳಗಿಂದ ಎದ್ದು ಬಂತು, ಮೈಕು ಎದೆಗೆ ಇಳಿಯಿತು. ಪಿಯಾನೊ ಒಂಟಿಯಾಯಿತು, ಇದೇ ಕೊನೆ ಎಂಬಂತೆ ತಗ್ಗಿತು. ವಿಲ್ಫ್ “ಪೈ...” ಎಂದು ತುಟಿ ತೆರೆದ. ಮೂವರೂ ಒಟ್ಟಿಗೆ ಹೊಸ ದಿಕ್ಕಿಗೆ ಹೊರಳಿದರು. ಅವನ ಕಾಲು ನೆಲಕ್ಕೆ ತಾಳ ಹಾಕಿ ಸಂದು ಹುಡುಕುತ್ತಿತ್ತು, ಹುಡುಕಿದಷ್ಟೂ ಒಂದೆಣಿಕೆ ತಪ್ಪುತ್ತಿತ್ತು.

“ವಿಲ್ಫ್! ಆರಿ ಹೋಗ್ತಿದೆ!” ಎಡ್ನಾ ಬಾಗಿಲಿಂದ ಕೂಗಿದಳು.

ವಿಲ್ಫ್ ತಿರುಗಿ ನೋಡದೆ ಅಂಗೈ ಎತ್ತಿ ಅವಳನ್ನು ತಡೆದ. ಆ ಕ್ಲಬ್ಬಿನಲ್ಲಿ ಪೈಯನ್ನು ಹಾಗೆ ಯಾರೂ ತಡೆದು ನಿಲ್ಲಿಸಿರಲಿಲ್ಲ.

ಕೊನೆಯ ಸ್ವರ ಹಳೇ ಪಿಯಾನೊದ ಮರದೊಳಗೆ ಸುಮಾರು ಹೊತ್ತು ಗುಂಯ್‌ಗುಟ್ಟಿತು. ಚಪ್ಪಾಳೆ ಬರಲಿಲ್ಲ. ಬೈಗಳೂ ಬರಲಿಲ್ಲ. ಜನ ಇನ್ನೂ ಏನೋ ಬಾಕಿಯಿದೆಯೆಂಬಂತೆ ವೇದಿಕೆಯನ್ನೇ ನೋಡುತ್ತಿದ್ದರು.

“ಯಾಕೆ ನಿಲ್ಲಿಸ್ಲಿಲ್ಲ ಮಾಮ?” ಡೆರಿಕ್ ಪಿಯಾನೊದಿಂದ ಕೈ ತೆಗೆಯದೆಯೇ ಕೇಳಿದ.

“ಎಲ್ಲಿ ನಿಲ್ಲಿಸ್ಲಿ ಹೇಳು? ಜಾಗ ಎಲ್ಲಿ ಬಿಟ್ಟಿದ್ದೆ ನೀನು?” ವಿಲ್ಫ್ ಸಿಡುಕಿದ. “ಒಂದಕ್ಷರ ಅರ್ಥ ಆಗ್ಲಿಲ್ಲ. ಇನ್ನೇನು ಮುಗೀತು ಅಂದ್ರೆ ಮತ್ತೆಲ್ಲೋ ಹೋಗ್ತೀರಿ. ಎಲ್ಲಿಗೆ ಹೋಗ್ತಾರೋ ನೋಡೇಬಿಡಣ ಅಂತ...” ಮಾತು ಅಲ್ಲಿಗೇ ಬಿಟ್ಟು ಮೈಕು ಬಾಯಿಗೆ ತಂದ. “ಪೈ ಬಂದಿದೆ! ಆರಿ ತಣ್ಣಗಾಗಿದೆ. ಯಾರೂ ಏಳ್ಬೇಡಿ. ಎಡ್ನಾ, ಒಲೆ ಹಾಕು.”

ಎಡ್ನಾ ಗೊಣಗುತ್ತ ಒಳಗೆ ಹೋದಳು. ದೀಪಗಳು ಮತ್ತೊಮ್ಮೆ ಮಂಕಾದವು. ಆ ಮಬ್ಬಿನಲ್ಲಿ ಟ್ರೆವರ್ ನೆಲದ ಮೇಲೆ ಬಿದ್ದಿದ್ದ ಕಂಬಳಿಯನ್ನು ಎತ್ತಿ ಕೊಡವಿದ. ಟೇಪ್ ಆರ್ಗನ್ನಿನ ಮೇಲೆ ಹೊದಿಸಿ, ನಾಲ್ಕೂ ಮೂಲೆಗಳನ್ನು ಬಿಗಿಯಾಗಿ ಒಳಕ್ಕೆ ಸಿಕ್ಕಿಸತೊಡಗಿದ.