ಭಾನುವಾರದ ದಂಪತಿ

ಮಳೆಗಾಲವು ತನ್ನ ಕೊನೆಯ ಮೋಡವನ್ನೂ ಮಡಚಿಕೊಂಡು ಹೊರಟ ಮೇಲೆ, ಚಳಿಗಾಲವು ಇನ್ನೂ ಹೊಸ್ತಿಲು ದಾಟಿ ಒಳಗೆ ಬಾರದಿರುವಾಗ, ನಡುವೆ ಕೆಲವು ಬೆಳಗುಗಳು ಯಾವ ಋತುವಿಗೂ ಸೇರದೆ ಅನಾಥವಾಗಿ ಉಳಿಯುತ್ತವೆ. ಸಹೃದಯನಾದ ಓದುಗನೇ, ಅಂಥ ಬೆಳಗುಗಳನ್ನು ನೀನು ಕಂಡಿರಬಹುದು! ಆಕಾಶವು ತೊಳೆದಿಟ್ಟ ಗಾಜಿನಂತೆ ನಿರ್ಮಲವಾಗಿರುತ್ತದೆ. ಬಿಸಿಲಿಗೆ ಹೊಂಬಣ್ಣವಿರುತ್ತದೆ, ಕಾವಿರುವುದಿಲ್ಲ. ಬೀದಿಯ ಮರದಿಂದ ಎಲೆಯೊಂದು ಅವಸರವಿಲ್ಲದೆ ಕಳಚಿ, ಗಾಳಿಯ ಅಂಗೈಯ ಮೇಲೆ ಕ್ಷಣಕಾಲ ಕುಳಿತು, ಬಸ್ ಡಿಪೋದ ಜಿಡ್ಡು ಹಿಡಿದ ನೆಲಕ್ಕೆ ಇಳಿಯುತ್ತದೆ... ಅಂಥದೊಂದು ಭಾನುವಾರ, ಡಿಪೋದ ಹಿಂದಿನ ಓಣಿಯ ಮೂಲೆಮನೆಯಲ್ಲಿ, ಹದಿನಾಲ್ಕು ವರ್ಷ ಸಂಸಾರ ಮಾಡಿದ ಇಬ್ಬರು ಮಾತಿಲ್ಲದೆ ಗೋಡೆಯ ಹಳೆಯ ಸುಣ್ಣವನ್ನು ಕೆರೆಯುತ್ತಿದ್ದರು.

ಅವನು ಲಿಫ್ಟ್ ರಿಪೇರಿಯವನು. ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ನಾಲ್ಕು ತಿಂಗಳ ಹಿಂದೆ ಅವಳು ಎರಡು ಪೆಟ್ಟಿಗೆ ಹಿಡಿದು ಅಕ್ಕನ ಮನೆ ಸೇರಿದ್ದಳು, ಬೇರೆಯಾಗುವುದೆಂದು ತೀರ್ಮಾನವಾಗಿತ್ತು, ಮನೆ ಇಬ್ಬರ ಹೆಸರಿನಲ್ಲಿದ್ದುದರಿಂದ ಅದನ್ನು ಮಾರಲೇಬೇಕಿತ್ತು.

ಕಾರಣವೇನೆಂದು ಕೇಳುವೆಯಾ? ಪರಸ್ತ್ರೀಯಿಲ್ಲ, ಕುಡಿತವಿಲ್ಲ, ಬಡಿತವಿಲ್ಲ. ಏಳು ವರ್ಷಗಳ ಹಿಂದೆ ವಿಷಮಜ್ವರವೊಂದು ಅವಳ ಎಡಗಿವಿಯ ಶ್ರವಣಶಕ್ತಿಯನ್ನು ಕಸಿದುಕೊಂಡು ಹೋಯಿತು. ಅಂದಿನಿಂದ ಅವನಾಡಿದ್ದು ಅರ್ಧ ಕೇಳಿಸುತ್ತಿತ್ತು, ಅರ್ಧ ಗಾಳಿಪಾಲಾಗುತ್ತಿತ್ತು. "ಏನಂದ್ರಿ?" ಎಂದು ಅವಳು ಕೇಳುವಳು. ಮೊದಮೊದಲು ಅವನು ಮತ್ತೊಮ್ಮೆ ಹೇಳುತ್ತಿದ್ದ. ಆಮೇಲೆ, "ಏನಿಲ್ಲ, ಬಿಡು." ಎರಡೇ ಮಾತು! ಊಟದ ಹೊತ್ತಿನಲ್ಲಿ, ದೀಪವಾರಿಸುವ ಹೊತ್ತಿನಲ್ಲಿ, ಅವಳು ನಗಲು ಸಿದ್ಧಳಾಗಿ ಅವನತ್ತ ತಿರುಗಿದ ಹೊತ್ತಿನಲ್ಲಿ... ಏನಿಲ್ಲ, ಬಿಡು. ಹನಿಹನಿಯಾಗಿ ಬಿದ್ದ ನೀರು ಕಲ್ಲನ್ನು ಕೊರೆಯುವಂತೆ ಆ ಮಾತು ಅವಳೆದೆಯನ್ನು ಕೊರೆದು, ಕೊನೆಗೊಂದು ದಿನ ಅಲ್ಲಿ ಕೊರೆಯಲು ಏನೂ ಉಳಿಯಲಿಲ್ಲ.

ಮನೆ ತೋರಿಸುವ ದಲ್ಲಾಳಿಗೆ ಊರಲ್ಲೆಲ್ಲ ಬೀಗದಕೈ ಮಾಮ ಎಂದೇ ಹೆಸರು. ಸೊಂಟದಲ್ಲಿ ಅಷ್ಟು ದೊಡ್ಡ ಗೊಂಚಲು. ಪುಟ್ಟಿ ಮೆತ್ತಿದ ಬಿರುಕುಗಳನ್ನೂ ಹೊಸ ವಾಷರ್ ಹಾಕಿದ ನಲ್ಲಿಯನ್ನೂ ನೋಡಿ ತಲೆದೂಗಿದವನು, ಗೋಡೆಯ ಮೇಲಿನ ಖಾಲಿ ಮೊಳೆಯ ಬಳಿ ನಿಂತುಬಿಟ್ಟ.

"ಇಲ್ಲಿದ್ದ ಮದುವೆ ಫೋಟೊ ಎಲ್ಲಿ ತಾಯಿ?"

"ತೆಗೆದಿಟ್ಟೆ ಮಾಮ."

"ಮತ್ತೆ ಹಾಕು. ಸಂಸಾರ ಮುರಿದ ಮನೆ ಅಂದ್ರೆ ಜನ ಮೂಗು ಮುರೀತಾರೆ. ಯಾರಾದ್ರೂ ಕೇಳಿದ್ರೆ ಬೇರೆ ಊರಿಗೆ ವರ್ಗ ಆಗಿದೆ ಅನ್ನಿ. ಭಾನುವಾರಕ್ಕೆ ಒಂದು ಗಂಟೆ ಗಂಡ-ಹೆಂಡ್ತಿ ಥರ ಇದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಗಂಡ-ಹೆಂಡತಿಯ ಹಾಗೆ! ಕಾಗದದ ಮೇಲೆ ಇನ್ನೂ ಗಂಡ-ಹೆಂಡತಿಯೇ ಆಗಿದ್ದ ಅವರಿಬ್ಬರೂ ಪರಸ್ಪರ ಮುಖ ನೋಡಲಿಲ್ಲ.

ಹೀಗೆ ಆರಂಭವಾಯಿತು ಆ ವಿಚಿತ್ರ ದಾಂಪತ್ಯ. ಭಾನುವಾರ ಹತ್ತಕ್ಕೆ ಅವಳು ಬಸ್ಸಿಳಿದು ಬರುವಳು. ಅವನು ಬಾಗಿಲು ತೆರೆದು ಅವಳ ಬಲಗಡೆ, ಕೇಳಿಸುವ ಕಿವಿಯ ಕಡೆ, ಬಂದು ನಿಲ್ಲುವನು. ಮೊದಲ ವಾರ ಬಂದವರು ನಿವೃತ್ತ ಮೇಷ್ಟ್ರು ಮತ್ತು ಅವರ ತಂಗಿ. ಪಡಸಾಲೆಯಲ್ಲಿ ನಿಂತು ಮೇಷ್ಟ್ರು ಕೇಳಿದರು: "ಈ ಕಿಟಕಿ ಇಷ್ಟು ಅಗಲ ಯಾಕೆ ಇಟ್ರಿ?"

"ನನ್ನಾಕೆಗೆ ಸಣ್ಣ ಅಕ್ಷರ ಓದೋ ಕೆಲಸ ಸಾರ್. ಬೆಳಗಿನ ಬೆಳಕು ನೇರ ಮೇಜಿನ ಮೇಲೇ ಬೀಳಲಿ ಅಂತ ಒಂದಡಿ ಹೆಚ್ಚಿಗೆ ಅಗಲ ಮಾಡಿಸ್ದೆ. ಮೆಟ್ಟಿಲಿಗೆ ಎಡಗಡೆ ಕಟಕಟೆ ಹಾಕ್ಸಿದ್ದೂ ಅವಳಿಗೋಸ್ಕರಾನೇ. ಜ್ವರ ಬಂದ ಮೇಲೆ ಅವಳು ಎಡಕ್ಕೆ ವಾಲ್ತಾಳೆ, ಅವಳಿಗೇ ಗೊತ್ತಿಲ್ಲ."

ಅವಳು ಗೋಡೆಗೆ ಕೈಯೂರಿದಳು. ಕಿಟಕಿ ಗಾಳಿಗೆಂದು, ಕಟಕಟೆ ಅತ್ತೆಯ ಮಂಡಿನೋವಿಗೆಂದು ಏಳು ವರ್ಷ ನಂಬಿದ್ದವಳು ಆ ಕ್ಷಣ ಏನನ್ನು ಅನುಭವಿಸಿದಳೆಂದು ಹೇಗೆ ಹೇಳಲಿ! ಶರತ್ಕಾಲದ ಬಿಸಿಲು ಮೇಜಿನ ಮೇಲೆ ಚೆಲ್ಲಿತ್ತು. ಆ ಬೆಳಕಿನಲ್ಲಿ ಸಾವಿರಾರು ಪುಟಗಳ ತಪ್ಪುಗಳನ್ನು ಹುಡುಕಿ ಗುರುತು ಮಾಡಿದ್ದ ಕಣ್ಣುಗಳು ಅಂದು ಏನನ್ನೂ ಕಾಣದಾದವು... ತನಗೆ ಹೇಳಬೇಕಾದುದನ್ನೆಲ್ಲ ಅವನು ಅಪರಿಚಿತರಿಗೆ ಹೇಳುತ್ತಿದ್ದ!

ಮುಂದಿನ ವಾರಗಳಲ್ಲೂ ಹಾಗೆಯೇ. ಬಂದವರೆದುರು ಅವನ ನಾಲಿಗೆಗೆ ಕಟ್ಟಿದ್ದ ಗಂಟು ಬಿಚ್ಚಿಕೊಳ್ಳುತ್ತಿತ್ತು. ಒಮ್ಮೆ ಕೆಟ್ಟುನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡ ವಧೂವರರ ಕಥೆ ಹೇಳಿ ಎಲ್ಲರನ್ನೂ ನಗಿಸಿದ. ಅವಳೂ ನಕ್ಕಳು, ನಕ್ಕು ಬೆಚ್ಚಿದಳು. ಆದರೆ ಒಂದು ವಿಸ್ಮಯ! ಬಂದವರಿಗೆಲ್ಲ ಮನೆ ಮೆಚ್ಚುಗೆಯಾಗುತ್ತಿತ್ತು. ಮರುದಿನ ಒಬ್ಬರ ಸುಳಿವೂ ಇಲ್ಲ. ಐದನೆಯ ವಾರ ಬೀಗದಕೈ ಮಾಮ ಅವಳನ್ನು ಗೇಟಿನ ಹೊರಗೇ ತಡೆದ.

"ನಿನ್ನ ಯಜಮಾನ್ರು ಕೈಯಾರೆ ಕಲ್ಲು ಹಾಕ್ತಿದ್ದಾರೆ ತಾಯಿ. ಬಂದೋರನ್ನ ಬೀಳ್ಕೊಡೋ ನೆಪದಲ್ಲಿ ಹೋಗಿ, 'ಗೋಡೆ ಒಳಗೊಳಗೇ ತೇವ, ಯೋಚನೆ ಮಾಡಿ' ಅಂತ ಕಿವಿಯೂದ್ತಾರಂತೆ."

ಅವಳು ನೇರವಾಗಿ ಅಡುಗೆಮನೆಗೆ ನಡೆದಳು. ಅವನು ಕಪಾಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದ.

"ಯಾಕ್ರೀ ಸುಳ್ಳು ಹೇಳಿದ್ರಿ?"

ಅವನು ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು ಅವಳ ಬಲಗಡೆಗೆ ಬಂದ. ಆಮೇಲೆ, ಅವಳಿಗೆ ಒಂದಕ್ಷರವೂ ತಪ್ಪದ ಹಾಗೆ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದ:

"ಮನೆ ಮಾರಿಹೋದ್ರೆ ಭಾನುವಾರ ನೀನು ಬರೋದಿಲ್ವಲ್ಲ."

ಓಣಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸುತ್ತ ಹೋಯಿತು. ಅವಳ ಕೈ ತಾನಾಗಿಯೇ ಎದ್ದು, ಎಣ್ಣೆಯ ಕಲೆಯಾಗಿದ್ದ ಅವನ ತೋಳಿನವರೆಗೂ ಬಂತು, ಬೆರಳಂತರದಲ್ಲಿ ನಿಂತಿತು, ಹಿಂದಕ್ಕೆ ಸರಿಯಿತು. ಎಂಥ ಅಂತರ ಅದು! ಸಮುದ್ರಗಳನ್ನು ದಾಟಿದವರುಂಟು, ಆ ಬೆರಳಗಲವನ್ನು ದಾಟಲು ಅವಳಲ್ಲಿ ಬಲವಿರಲಿಲ್ಲ.

"ಇದೇ ಮಾತಿಗೆ ನಾನು ಏಳು ವರ್ಷ ಕಾದೆ" ಎಂದಳು. "ಜಗಳಕ್ಕಾದ್ರೂ ಸರಿ, ಒಂದು ಮಾತು ಪೂರ್ತಿ ಹೇಳ್ತೀರೇನೋ ಅಂತ. ಈಗ ಕಾಯೋದು ನಿಂತುಹೋಗಿದೆ ಕಣ್ರೀ. ಕೋಪ ಇಲ್ಲ ನಂಗೆ. ಕೋಪ ಇದ್ದಿದ್ರೆ ವಾಪಸ್ ಬಂದುಬಿಡ್ತಿದ್ದೆ."

"ಸ್ವಲ್ಪ ದಿನ ಬಿಟ್ಟು ನೋಡಿದ್ರೆ..."

"ನನ್ನೊಳಗೆಲ್ಲ ಹುಡುಕಿ ನೋಡ್ದೆ. ರಾತ್ರಿ ಹಗಲು ಹುಡುಕ್ದೆ. ಏನೂ ಸಿಗಲಿಲ್ಲ."

ಅಷ್ಟರಲ್ಲಿ ಹೊರಗೆ ಬೀಗದಕೈ ಗೊಂಚಲು ಝಣಝಣಿಸಿತು. ಆ ದಿನ ಬಂದವಳು ಒಬ್ಬ ಸೂಲಗಿತ್ತಿ. ಐವತ್ತು ದಾಟಿದ, ಒಂಟಿಯಾದ, ತೋಳು ಮಡಚಿದ ರವಿಕೆಯ ಗಟ್ಟಿಗಿತ್ತಿ. ಬಂದವಳೇ ನಲ್ಲಿ ತಿರುಗಿಸಿ ನೋಡಿದಳು, ಅಟ್ಟ ತಟ್ಟಿ ನೋಡಿದಳು, ಕೊನೆಗೆ ಇಬ್ಬರನ್ನೂ ನೋಡಿದಳು.

"ಇಷ್ಟು ಒಳ್ಳೆ ಮನೆ ಯಾಕಮ್ಮ ಮಾರ್ತೀರಿ?"

ಮಾಮ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ನಾವಿಬ್ರೂ ಬೇರೆ ಆಗ್ತಿದ್ದೀವಿ."

ಮಾಮ ಹಣೆ ಹಣೆ ಚಚ್ಚಿಕೊಂಡ. ಸೂಲಗಿತ್ತಿ ಮಾತ್ರ ಹುಬ್ಬೂ ಏರಿಸಲಿಲ್ಲ. "ಮನುಷ್ಯರು ಬರೋದನ್ನೂ ನೋಡಿದ್ದೀನಿ, ಹೋಗೋದನ್ನೂ ನೋಡಿದ್ದೀನಿ. ಅದು ನಿಮ್ಮ ಪಾಡು. ಗೋಡೆ ತೇವ ಅಂತ ಯಾರೋ ಅಂದ್ರು. ನಿಜವಾ?"

ಪ್ರಶ್ನೆ ಅವನಿಗೆ ಬಂದಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಮತ್ತೊಂದು ಭಾನುವಾರ, ಅದರ ಹಿಂದೆ ಇನ್ನೊಂದು... ಅವನು ಅವಳ ಮುಖವನ್ನು ನೋಡಿದ, ಸಂಜೆಯ ಕೊನೆಯ ಕಿರಣವು ಶಿಖರವನ್ನು ನೋಡುವಂತೆ. ಆಮೇಲೆ ಗೋಡೆಗೆ ಅಂಗೈ ಒತ್ತಿದ.

"ಇಲ್ಲ ಮೇಡಂ. ಒಂದು ಹನಿ ತೇವ ಇಲ್ಲ. ಗಟ್ಟಿ ಮನೆ."

ಮೂರು ವಾರಕ್ಕೆ ಮನೆಯ ಕ್ರಯಪತ್ರ ಆಯಿತು. ಕೊನೆಯ ದಿನ ಅವರು ಪಾತ್ರೆ ಹಂಚಿಕೊಂಡರು, ಪುಸ್ತಕ ಹಂಚಿಕೊಂಡರು. ಹಂಚಲಾಗದ ಒಂದು ಮಂಚವನ್ನು ಪಕ್ಕದ ಮನೆಯವರಿಗೆ ಕೊಟ್ಟರು. ಡಿಪೋದವರೆಗೆ ಅವಳ ಪೆಟ್ಟಿಗೆಯನ್ನು ಅವನೇ ಹೊತ್ತು ತಂದ. ಬಸ್ಸು ಹೊರಡುವವರೆಗೂ ಕೆಳಗೆ ನಿಂತು ಅವನು ಏನೇನೋ ಹೇಳಿದ: ಚಳಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೋ, ರಸ್ತೆ ದಾಟುವಾಗ ಎಡಗಡೆ ಎರಡು ಸಲ ನೋಡು, ಅಕ್ಕನನ್ನು ಕೇಳಿದೆ ಅಂತ ಹೇಳು. ಎಲ್ಲವೂ ಅವಳಿಗೆ ಕೇಳಿಸಿತು. ಎಲ್ಲದಕ್ಕೂ ಅವಳು ತಲೆಯಾಡಿಸಿದಳು. ಬಸ್ಸು ತಿರುವು ದಾಟಿ ಅವನು ಮರೆಯಾದ ಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಇಳಿದು ಹಿಂದಿರುಗಬೇಕೆಂದು ಮಾತ್ರ ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಪೈರು ಬಾಡಿದ ಮೇಲೆ ಬರುವ ಮಳೆಯನ್ನು ಲೋಕವು ಹಳಿಯುತ್ತದೆ. ಬೇಕಾದಾಗ ಬಾರದೆ ಈಗೇಕೆ ಬಂದೆ ಎಂದು ಮುಖ ತಿರುಗಿಸುತ್ತದೆ. ಅದು ನ್ಯಾಯವೇ, ಒಣಗಿದ ತೆನೆಯಲ್ಲಿ ಆ ಮಳೆ ಒಂದು ಕಾಳನ್ನೂ ತುಂಬಲಾರದು. ಆದರೂ, ಓದುಗನೇ, ಬರಿದಾದ ಹೊಲದ ನಡುವೆ ನಿಂತು ಅದನ್ನು ಮೈಮೇಲೆ ಸುರಿಸಿಕೊಂಡವರಿಗೆ ಗೊತ್ತು... ಅದರ ನೀರೂ ತಂಪಾಗಿಯೇ ಇರುತ್ತದೆ, ಅದರ ಮಣ್ಣಿನ ವಾಸನೆಯೂ ಅಷ್ಟೇ ಮಧುರವಾಗಿರುತ್ತದೆ. ಮತ್ತು ಮನುಷ್ಯಹೃದಯಕ್ಕೆ ಅದಕ್ಕಿಂತ ದುಸ್ಸಹವಾದುದು ಬೇರೊಂದಿಲ್ಲ!