ಅಂದಾನಯ್ಯನವರು ಕಿತ್ತ ಫಲಕ

“ಅಮ್ಮಾ, ಅಂದಾನಯ್ಯ ತಾತನಿಗೆ ಬೆನ್ನೇ ಇಲ್ವಾ?”

ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ನನ್ನ ಐದು ವರ್ಷದ ಚಿನ್ನು ಕೇಳಿದಳು. ನಗು ಬಂತು, ಆದರೆ ಯೋಚಿಸಿದರೆ, ಭಾನುವಾರ ಭಾನುವಾರ ಅವಳನ್ನು ಚಿತ್ರ ಕಲಿಯಲು ಅವರಿರುವಲ್ಲಿಗೇ ಕರೆದೊಯ್ಯುತ್ತಿದ್ದ ನನಗೂ ಅವರ ಬೆನ್ನು ನೋಡಿದ ನೆನಪಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಕಲಾಸಂಘವೊಂದು ನಡೆಸುತ್ತಿದ್ದ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಅವರು ಕಾವಲುಗಾರರು. ಬಂದವರಿಗೆ ಮುಖ ಕೊಟ್ಟು, ಹಿಮ್ಮಡಿಯಿಂದಲೇ ನೆಲ ತಡವುತ್ತಾ, ಹಿಂದುಹಿಂದಕ್ಕೆ ನಡೆದೇ ಮೂರು ಕೋಣೆಗಳನ್ನೂ ತೋರಿಸಿ ಮುಗಿಸುವರು. ಹೊಸ್ತಿಲು ಬಂದಾಗ, ಕಣ್ಣು ನಮ್ಮ ಮೇಲಿದ್ದಂತೆಯೇ, ಕಾಲು ತಾನಾಗಿ ಮೇಲೇಳುವುದು.

“ಮನೇಗ್ ಬಂದೋರ್ಗೆ ಬೆನ್ನು ತೋರ್ಸಾದುಂಟಾ ತಾಯಿ?” ಎನ್ನುವರು.

ಮಕ್ಕಳು ನೆಲದ ಮೇಲೆ ಚಿತ್ರ ಬರೆಯಲೆಂದು ಖಾಕಿ ಕೋಟಿನ ಜೇಬಿನಲ್ಲಿ ಸೀಮೆಸುಣ್ಣ. ಅದೇ ಜೇಬಿನಲ್ಲಿ ಹುರಿಗಡಲೆ. ಬೇಡವೆಂದರೂ ಹಂಚಿ ಎಲ್ಲರ ತುಟಿ ಬೆಳ್ಳಗೆ ಮಾಡುವರು. ನಾನು ಸೆರಗಿನಲ್ಲಿ ಒರೆಸುವೆನು. ಪಾಂಡವಪುರದ ಕಡೆಯ ಮೇಷ್ಟ್ರೊಬ್ಬರು ಮಕ್ಕಳನ್ನು “ಸದ್ದು!” ಎಂದು ಗದರಿದರೆ, “ಬುಡಿ ಮೇಷ್ಟ್ರೇ, ಕೂಗಾಡ್ಲಿ. ಇದೇನ್ ಪರೀಕ್ಷೆ ರೂಮಾ?” ಎಂದು ಮೇಷ್ಟ್ರ ಕೈಗೂ ಕಡಲೆ ಸುರಿದಿದ್ದರು.

೧೯೯೩ರ ಫೆಬ್ರವರಿಯ ಒಂದು ಭಾನುವಾರ ನನ್ನ ದಿನಚರಿಯಲ್ಲಿ ಎರಡು ಪುಟ ಹಿಡಿದಿದೆ. ಅಂದು ನಾಗಮಂಗಲ ತಾಲ್ಲೂಕಿನ ಊರಾಚೆಯ ಕಾಲೋನಿಯೊಂದರಿಂದ, ಹೊಸದಾಗಿ ಓದಲು ಕಲಿತ ಹೆಂಗಸರು ಬಂದರು. ಬಸ್ಸಿನ ಬೋರ್ಡಿನಿಂದ ಹಿಡಿದು ಸೋಡಾ ಅಂಗಡಿಯವರೆಗೆ ಕಂಡದ್ದನ್ನೆಲ್ಲ ಕೂಡಿಸಿ ಓದುವ ಹುರುಪು ಅವರಿಗೆ. ಮುಂದಿದ್ದ ಬೆಟ್ಟಮ್ಮ, ಅರವತ್ತು ದಾಟಿದ ಮುದುಕಿ, ಗೋಡೆಯ ತಮಟೆಯ ಕೆಳಗಿದ್ದ ಫಲಕಕ್ಕೆ ಬೆರಳು ಚಾಚಿ, “ಮು... ಟ್ಟ... ಬೇ... ಡಿ” ಎಂದು ಓದಿದಳು. ಗೆದ್ದ ನಗು ಅಲ್ಲೇ ಆರಿತು. ಸೆರಗು ಮುದುರಿಕೊಂಡು ಹೊರಗೆ ಹೋಗಿ ಅಂಗಳದಲ್ಲಿ ಕೂತುಬಿಟ್ಟಳು. ಉಳಿದವರೂ ಅವಳ ಹಿಂದೆಯೇ.

“ಅದು ಎಲ್ಲಾರ್ಗೂವೆ ಬರ್ದಿರಾದು ಕಣವ್ವ,” ಎಂದು ಅಂದಾನಯ್ಯನವರು ಓಡಿಬಂದರು.

“ಬಾಯಲ್ಲಿ ಅಂದಿದ್ದು ಸಾಲ್ದು ಅಂತ ಬರ್ದೂ ಬ್ಯಾರೆ ಮಡ್ಗವ್ರಾ ಸಾಮಿ? ಇದ ಓದಕ್ಕಾ ನಾನು ಅಕ್ಸರ ಕಲ್ತಿದ್ದು?”

ಅಂದಾನಯ್ಯನವರ ಮುಖ ಕಪ್ಪಿಟ್ಟಿತು. “ನಮ್ಮವ್ವಾನೂ ಅಟ್ಟಿ ಬಾಗ್ಲಲ್ಲಿ ನಿಂತ್ಕಂಡು ಕೂಲಿಗ್ ಬಂದೋರ್ಗೆ ದಿನಾ ‘ಮುಟ್ಬ್ಯಾಡಿ’ ಅಂತಿದ್ಲು,” ಎಂದು ನನಗಷ್ಟೇ ಕೇಳುವಂತೆ ಗೊಣಗಿದರು. ಹನ್ನೊಂದು ವರ್ಷ ದಿನವೂ ಒರೆಸಿದ್ದ ಆ ಫಲಕವನ್ನು ಮೊಳೆಸಮೇತ ಕಿತ್ತರು. ತಮಟೆಯನ್ನಿಳಿಸಿ ತಂದು ಬೆಟ್ಟಮ್ಮನ ಮಡಿಲಿಗಿಟ್ಟರು. ಅವಳು ಉಗುರಿನಿಂದ ತಟ್ಟಿ, ಕಿವಿಗೊಟ್ಟು, “ತೊಗಲು ಸತ್ತೋಗದಲ್ಲ ಸಾಮಿ! ಬೆಂಕಿ ತೋರ್ಸಿ ಎಷ್ಟ್ ವರ್ಸ ಆಯ್ತು?” ಎಂದು ರೇಗಿದಾಗ, ತಪ್ಪು ಮಾಡಿದ ಹುಡುಗನಂತೆ ನಿಂತು ಕೇಳಿಸಿಕೊಂಡರು. ಅಂಗಳದಲ್ಲಿ ಹುಲ್ಲು ಹೊತ್ತಿಸಿ ಕಾಯಿಸಿದ ಮೇಲೆ ಆ ತಮಟೆಯಿಂದ ಎದ್ದ ದನಿಗೆ ಬೀದಿಯವರೆಲ್ಲ ಇಣುಕಿದರು.

ಸುದ್ದಿ ಸಂಘದ ಕಾರ್ಯದರ್ಶಿಗಳಿಗೂ ಮುಟ್ಟಿತು. “ಕೈಬೆವರಿಗೆ ಬಣ್ಣ ಹೋಗುತ್ತೆ ಅಂತ ನಿಮಗೇ ಗೊತ್ತು. ಗುರುವಾರದ ಹೊತ್ತಿಗೆ ಗೋಡೆ ಮೇಲೆ ಬೋರ್ಡು ಇರಬೇಕು, ಇಲ್ಲಾಂದ್ರೆ ಕೋಟು ಬಿಚ್ಚಿಟ್ಟು ಮನೆಗೆ ಹೋಗಿ,” ಎಂದರು. ಅವರ ಮಾತು ಸುಳ್ಳಲ್ಲ. ಸೋಮನ ಕುಣಿತದ ಮರದ ಮುಖವಾಡಗಳ ಕೆನ್ನೆಯ ಕೆಂಪು ಸವೆದದ್ದನ್ನು ನಾನೇ ನೋಡಿದ್ದೆ. ಅರವತ್ತರ ಹೊಸ್ತಿಲಲ್ಲಿ ಅಂದಾನಯ್ಯನವರಿಗೆ ಬೇರೆ ಕೆಲಸ ಕೊಡುವವರೂ ಇರಲಿಲ್ಲ.

ಇಂಥವರು ವಸ್ತುವನ್ನೂ ಕಾಯಬೇಕು, ನೋಡಬಂದವರ ಮಾನವನ್ನೂ ಕಾಯಬೇಕು. ಎರಡೂ ಒಂದಕ್ಕೊಂದು ಅಡ್ಡ ನಿಂತಾಗ ಓದಿಕೊಂಡ ನಾವು ನಿಯಮದ ಮರೆಗೆ ಸರಿಯುತ್ತೇವೆ. ಇವರು ಪದವಿಯ ಹಂಗಿಲ್ಲದೆ ಬೇರೊಂದು ಮಾತು ಹುಡುಕುತ್ತಾ ಕೂರುತ್ತಾರೆ.

ಬುಧವಾರ ಸಂಜೆ ನಾನು ಅಕ್ಕಿ ಆರಿಸುತ್ತಿದ್ದಾಗ ಅಂದಾನಯ್ಯನವರು ನಮ್ಮ ಬಾಗಿಲಿಗೆ ಬಂದರು. ಕಂಕುಳಲ್ಲಿ ಅದೇ ಫಲಕ, ಹಳೆಯ ಅಕ್ಷರ ಕೆರೆದು ಸುಣ್ಣ ಬಳಿದದ್ದು. ಕೈಯಲ್ಲಿ ಬಣ್ಣದ ಡಬ್ಬಿ.

“ಬೋರ್ಡು ಇರ್ಬೇಕು ಅಂದ್ರು ತಾಯಿ. ಯಾವ ಮಾತು ಅಂತ ಏಳ್ನಿಲ್ಲ. ನಿಮ್ಮಕ್ಸರ ದುಂಡಗವೆ, ನೀವೇ ಬರ್ಕೊಡಿ: ‘ಇವು ಹಳೇವು, ನಾಜೂಕು. ಬೇಕಾದರೆ ಕೇಳಿ, ಇಳಿಸಿ ಕೊಡುವೆ.’ ಒತ್ತಕ್ಸರ ಒಂದೂ ಬ್ಯಾಡ ಕಣವ್ವ. ಬೆಟ್ಟಮ್ಮ ಮುಂದಿನ್ ತಿಂಗ್ಳು ಬತ್ತಾಳೆ.”